ಹೋವರ್‌ಕ್ರಾಫ್ಟ್ ಸ್ಪರ್ಧೆಗೆ ಹೊರಟವರು ಮೊದಲು ಸ್ಕರ್ಟು ನೋಡಿಕೊಳ್ಳಲಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಕಾಲೇಜುಗಳ ಟೆಕ್ ಫೆಸ್ಟ್‌ಗಳಲ್ಲಿ ಗಾಳಿಯ ಮೆತ್ತೆಯ ಮೇಲೆ ತೇಲುವ, ರಿಮೋಟಿನಿಂದ ಓಡಿಸುವ ಹೋವರ್‌ಕ್ರಾಫ್ಟ್ ಸ್ಪರ್ಧೆ ಈಗ ಹೊಸತಲ್ಲ. ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿದ ಮಕ್ಕಳು ಪೊವ್ವಲ್, ಮಂಗಳೂರು, ಪುತ್ತೂರು, ಸುಳ್ಯದ ಕಾಲೇಜುಗಳಿಗೆ ಸೇರಿ, ಮೂರು ನಾಲ್ಕು ಮಂದಿ ತಂಡ ಕಟ್ಟಿಕೊಂಡು ಇಂಥ ಸ್ಪರ್ಧೆಗೆ ಇಳಿಯುತ್ತಾರೆ. ಸೋಲುವ ತಂಡಗಳನ್ನು ನೋಡಿದರೆ ಕಥೆ ಹೆಚ್ಚುಕಡಿಮೆ ಒಂದೇ. ಮೋಟರು ಕಿವಿಗಡಚಿಕ್ಕುವ ಹಾಗೆ ತಿರುಗುತ್ತಿರುತ್ತದೆ, ಗಾಡಿ ಏಳುವುದಿಲ್ಲ. ಎದ್ದರೂ ಒಂದು ಮೂಲೆ ನೆಲಕ್ಕೆ ಉಜ್ಜಿಕೊಂಡು ನಿಂತಲ್ಲೇ ಗಿರಗಿರನೆ ಸುತ್ತುತ್ತದೆ. ಆಗ ತಂಡದವರಿಗೆ ಹೊಳೆಯುವುದು ಇನ್ನೂ ದೊಡ್ಡ ಮೋಟರು ತರಿಸುವ ಉಪಾಯ. ದುಡ್ಡು ಖರ್ಚಾಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಯಾಕೆಂದರೆ ಹತ್ತರಲ್ಲಿ ಎಂಟು ಪಾಲು ತೊಂದರೆ ಇರುವುದು ಕೆಳಗೆ, ಗಾಡಿಯ ಅಂಚಿನ ಸುತ್ತ ಗಾಳಿ ಹಿಡಿದಿಡುವ ಬಟ್ಟೆಯ ಸ್ಕರ್ಟಿನಲ್ಲಿ. ಇದನ್ನು ಬಿಡಿಸಿ ಹೇಳುವ ಬರಹ ಕನ್ನಡದಲ್ಲಿ ಸಿಗುವುದು ಕಷ್ಟವಾದ್ದರಿಂದ ಸ್ವಲ್ಪ ಉದ್ದದ ಪತ್ರ ಬರೆಯುತ್ತಿದ್ದೇವೆ. ದಯವಿಟ್ಟು ಜಾಗ ಕೊಡಿ.

ಸ್ಕರ್ಟಿನ ಮಹತ್ವಕ್ಕೆ ಹೋವರ್‌ಕ್ರಾಫ್ಟಿನ ಚರಿತ್ರೆಯೇ ಸಾಕ್ಷಿ. ಕ್ರಿಸ್ಟೋಫರ್ ಕಾಕೆರೆಲ್ 1950ರ ದಶಕದಲ್ಲಿ ಒಂದು ಡಬ್ಬಿಯೊಳಗೆ ಇನ್ನೊಂದು ಡಬ್ಬಿ ಇಟ್ಟು, ನಡುವಿನ ಸಂದಿನಿಂದ ಗಾಳಿ ಊದಿ ಪ್ರಯೋಗ ಶುರು ಮಾಡಿದರು. ಅವರ ಎಸ್‌ಆರ್‌ಎನ್-1 ಹೋವರ್‌ಕ್ರಾಫ್ಟ್ 1959ರ ಜುಲೈ 25ರಂದು ಇಂಗ್ಲಿಷ್ ಕಡಲ್ಗಾಲುವೆ ದಾಟಿತು. ಆಗ ಅದಕ್ಕೆ ಸ್ಕರ್ಟು ಇರಲಿಲ್ಲ, ನೆಲದಿಂದ ಒಂದು ಗೇಣಿನಷ್ಟು ಮಾತ್ರ ಏಳುತ್ತಿತ್ತು. ಅಲೆ, ಕಲ್ಲು, ದಿಣ್ಣೆ ದಾಟುವ ಶಕ್ತಿ ಬಂದದ್ದು 1960ರ ದಶಕದಲ್ಲಿ ಬಗ್ಗುವ ಸ್ಕರ್ಟು ಹಾಕಿದ ಮೇಲೆ. ನಮ್ಮ ಕರಾವಳಿ ರಕ್ಷಣಾ ಪಡೆ ತಮಿಳುನಾಡಿನ ಮಂಡಪಂನಲ್ಲಿಯೂ ಗುಜರಾತಿನ ಕಡಲಂಚಿನಲ್ಲಿಯೂ ಓಡಿಸುವ ಹೋವರ್‌ಕ್ರಾಫ್ಟುಗಳು ನಿಂತಿರುವುದೂ ಇದೇ ಸ್ಕರ್ಟಿನ ಮೇಲೆ.

ಲೆಕ್ಕ ಸರಳ. ಉದ್ದ 60, ಅಗಲ 40 ಸೆಂ.ಮೀ. ಇರುವ, ಒಟ್ಟು ಒಂದು ಕಿಲೋ ತೂಗುವ ಗಾಡಿಯನ್ನು ತೆಗೆದುಕೊಳ್ಳೋಣ. ಸ್ಕರ್ಟು ನೆಲ ಮುಟ್ಟುವ ಗೆರೆಯೊಳಗಿನ ಜಾಗ ಸುಮಾರು 0.2 ಚದರ ಮೀಟರು. ಒಂದು ಕಿಲೋ ಭಾರವನ್ನು ಅಷ್ಟು ಜಾಗಕ್ಕೆ ಹಂಚಿದರೆ ಬೇಕಾದ ಒತ್ತಡ ಬರೇ 50 ಪಾಸ್ಕಲ್, ಅಂದರೆ 5 ಮಿ.ಮೀ. ನೀರಿನ ಎತ್ತರದಷ್ಟು. ಊದುಬತ್ತಿಯ ಬೂದಿ ಹಾರಿಸುವುದಕ್ಕೆ ಬಾಯಿಯಲ್ಲಿ ಊದುವಾಗಲೂ ಇದಕ್ಕಿಂತ ಹೆಚ್ಚು ಒತ್ತಡ ಬರುತ್ತದೆ. ಆದರೆ ಆ ಒತ್ತಡಕ್ಕೇ ಗಾಳಿ ಸಂದಿನಿಂದ ಸೆಕೆಂಡಿಗೆ ಸುಮಾರು 9 ಮೀಟರು ವೇಗದಲ್ಲಿ ಹೊರಗೆ ನುಗ್ಗುತ್ತದೆ. ಸುತ್ತಲೂ 2 ಮಿ.ಮೀ. ಸಂದು ಇದ್ದರೆ ಒಟ್ಟು ತೆರಪು 36 ಚದರ ಸೆಂ.ಮೀ.; ಸಂದಿನಲ್ಲಿ ಹರಿವು ಕುಗ್ಗಿ ಸಪೂರವಾಗುವುದರಿಂದ ಸೆಕೆಂಡಿಗೆ ಸುಮಾರು 20 ಲೀಟರು ಗಾಳಿ ಕೊಟ್ಟರೆ ಸಾಕು. ಒಂದು ಮೂಲೆಯಲ್ಲಿ ಬಟ್ಟೆ ಸುಕ್ಕುಗಟ್ಟಿ 2 ಸೆಂ.ಮೀ. ಅಗಲ, 4.5 ಸೆಂ.ಮೀ. ಉದ್ದದ ಬಾಯಿ ತೆರೆಯಿತೆನ್ನಿ. ಅದೊಂದೇ 9 ಚದರ ಸೆಂ.ಮೀ. ಆಯಿತು, ಉಳಿದ ಎಲ್ಲಾ ಸಂದಿನ ಕಾಲುಭಾಗ. ಗಾಳಿ ಆ ಬಾಯಿಯಿಂದ ಹೋಗುತ್ತದೆ, ಉಳಿದ ಕಡೆ ಸಂದು ಕುಗ್ಗಿ ಗಾಡಿ ನೆಲಕ್ಕೆ ಉಜ್ಜುತ್ತದೆ.

ತಳಕ್ಕೆ ಒಂದೇ ಹಲಗೆ ಸಾಲದು, ಎರಡು ಪದರ ಬೇಕು. ಮೇಲೆ 5 ಮಿ.ಮೀ. ಫೋಮ್ ಬೋರ್ಡ್, ಕೆಳಗೆ ಅದೇ ದಪ್ಪದ್ದು ಇನ್ನೊಂದು, ಕೆಳಗಿನದು ಸುತ್ತಲೂ 2 ಸೆಂ.ಮೀ. ಚಿಕ್ಕದು. ನಡುವೆ 3.5ರಿಂದ 4 ಸೆಂ.ಮೀ. ಅಂತರ ಬರುವಂತೆ ಥರ್ಮೊಕೋಲಿನ ಸಣ್ಣ ತುಂಡುಗಳನ್ನು ಅಲ್ಲಲ್ಲಿ ಅಂಟಿಸಬೇಕು. ಉದ್ದ ಪಟ್ಟಿ ಅಂಟಿಸಿದರೆ ಗಾಳಿಯ ದಾರಿಗೆ ಗೋಡೆ ಕಟ್ಟಿದಂತೆ. ಅಂತರ 2 ಸೆಂ.ಮೀ.ಗೆ ಇಳಿಸುವುದೂ ತಪ್ಪು: ಮೇಲಿನ ಹಲಗೆಯಲ್ಲಿ ಕೂರಿಸುವ 6 ಇಂಚಿನ ಫ್ಯಾನಿನ ಬಾಯಿ ಸುಮಾರು 182 ಚದರ ಸೆಂ.ಮೀ. ಇದ್ದರೆ, 2 ಸೆಂ.ಮೀ. ಅಂತರದಲ್ಲಿ ಗಾಳಿ ಬದಿಗೆ ತಿರುಗುವ ಜಾಗ 96 ಮಾತ್ರ. ಫ್ಯಾನು ಉಸಿರುಗಟ್ಟುತ್ತದೆ. ಮೂಲೆಗಳನ್ನು ಚೂಪಾಗಿ ಬಿಡಬಾರದು, 15 ಸೆಂ.ಮೀ. ತ್ರಿಜ್ಯದಲ್ಲಿ ದುಂಡು ಮಾಡಬೇಕು. ಫೋಮ್ ಬೋರ್ಡಿನ ಕತ್ತರಿಸಿದ ಅಂಚಿಗೆ ಪಾರದರ್ಶಕ ಟೇಪು ಸುತ್ತದಿದ್ದರೆ ನಮ್ಮ ಮಳೆಗಾಲದ ಥಂಡಿಗೆ ಕಾಗದ ಏಳುತ್ತದೆ. ಥರ್ಮೊಕೋಲಿಗೆ ಫೆವಿಕ್ವಿಕ್ ಆಗಲಿ, ಚಪ್ಪಲಿಗೆ ಹಾಕುವ ರಬ್ಬರ್ ಗಮ್ ಆಗಲಿ ತಾಗಿಸಬಾರದು. ಕಣ್ಣೆದುರೇ ಕರಗಿ ಗುಂಡಿ ಬೀಳುತ್ತದೆ. ಬಿಳಿ ಫೆವಿಕಾಲ್ ಸರಿ, ಆದರೆ ಒಣಗಲು ಒಂದು ರಾತ್ರಿ ಬಿಡಬೇಕು. ಹಾಟ್ ಗ್ಲೂ ಆದರೆ ಗನ್ನಿನಿಂದ ಬಂದ ಕೂಡಲೇ ಒತ್ತದೆ ತುಸು ಬಿಸಿ ಇಳಿದ ಮೇಲೆ ಒತ್ತಬೇಕು.

ಇನ್ನು ಸ್ಕರ್ಟು. ಕಸದ ಚೀಲದ ಪಾಲಿಥೀನ್ ಟೈಲ್ಸ್ ನೆಲದಲ್ಲಿ ಓಡುತ್ತದೆ, ಇಂಟರ್‌ಲಾಕ್ ಹಾಸಿದ ಅಂಗಳದಲ್ಲಿ ಒಂದು ಸುತ್ತಿಗೇ ಹರಿಯುತ್ತದೆ. ಸಿಲ್ಪಾಲಿನ್ ಗಟ್ಟಿ ಹೌದು, ಆದರೆ ಬಿರುಸು. ಮೂಲೆಯಲ್ಲಿ ಮಡಿಕೆ ಬಿದ್ದು ಹಾಗೇ ನಿಲ್ಲುತ್ತದೆ. ಈ ಅಳತೆಯ ಗಾಡಿಗೆ ಕೊಡೆಯ ನೈಲಾನ್ ಬಟ್ಟೆಗಿಂತ ಒಳ್ಳೆಯದು ಸುಲಭದಲ್ಲಿ ಸಿಗದು. ಹಗುರ, ಗಾಳಿ ಬಿಡುವುದಿಲ್ಲ, ನೀರು ಕುಡಿಯುವುದಿಲ್ಲ. ಕೊಡೆ ರಿಪೇರಿಯವರಲ್ಲಿ ಕೇಳಿದರೆ ಕಡ್ಡಿ ಮುರಿದ ಹಳೆ ಕೊಡೆಗಳ ಬಟ್ಟೆ ಸಿಗುತ್ತದೆ. ಬೆಳಕಿಗೆ ಹಿಡಿದು ತೂತು ಇಲ್ಲದ್ದನ್ನು ಆರಿಸಿಕೊಳ್ಳಬೇಕು.

ಪಟ್ಟಿಯ ಅಗಲ ಎಷ್ಟೆಂದು ಅಂದಾಜಿನಲ್ಲಿ ಕತ್ತರಿಸುವುದು ಬೇಡ. ಗಾಡಿಯ ಅಡ್ಡಕೊಯ್ತವನ್ನು ನಿಜ ಅಳತೆಯಲ್ಲೇ ಕಾಗದದ ಮೇಲೆ ಬರೆಯಿರಿ. ಮೇಲಿನ ಹಲಗೆಯ ಹೊರ ಅಂಚಿನಿಂದ ಹೊರಟು, ಹೊರಕ್ಕೆ 2 ಸೆಂ.ಮೀ. ಉಬ್ಬಿ, ಕೆಳಗಿನ ಹಲಗೆಯಿಂದ 4 ಸೆಂ.ಮೀ. ಕೆಳಗೆ ನೆಲ ಮುಟ್ಟಿ, ಮತ್ತೆ ಮೇಲೆ ಹೋಗಿ, ಹೊರ ಅಂಚಿನಿಂದ 7 ಸೆಂ.ಮೀ. ಒಳಗೆ ಕೆಳಗಿನ ಹಲಗೆಯ ಅಡಿಗೆ ಸೇರುವ ಗೆರೆ ಎಳೆಯಿರಿ. ಅದರ ಮೇಲೆ ನೂಲು ಇಟ್ಟು ಅಳೆದರೆ ಅಂಟಿಸುವ ಅಂಚೂ ಸೇರಿ 20ರಿಂದ 22 ಸೆಂ.ಮೀ. ಬರುತ್ತದೆ. ಸ್ಕರ್ಟಿನ ಎತ್ತರ ಗಾಡಿಯ ಅಗಲದ ಎಂಟನೇ ಒಂದು ಭಾಗ ಮೀರಬಾರದು ಎಂಬುದು ಕೆಲಸ ಮಾಡುವವರ ರೂಢಿಯ ಲೆಕ್ಕ. 40 ಸೆಂ.ಮೀ. ಅಗಲಕ್ಕೆ 5 ಸೆಂ.ಮೀ. ಎಂದರೆ ಕೊನೆಯ ಮಿತಿ. ಎತ್ತರ ಹೆಚ್ಚಿದರೆ ಚೆಂದ ಕಾಣುತ್ತದೆ, ತಿರುವಿನಲ್ಲಿ ಗಾಡಿ ಒಂದು ಬದಿಗೆ ವಾಲುತ್ತದೆ.

ನೇರ ಬದಿಗಳಲ್ಲಿ ಯಾರಿಗೂ ಕಷ್ಟವಿಲ್ಲ. ಪರೀಕ್ಷೆ ಇರುವುದು ಮೂಲೆಯಲ್ಲಿ. 15 ಸೆಂ.ಮೀ. ತ್ರಿಜ್ಯದ ಮೂಲೆಯಲ್ಲಿ ಹೊರ ಅಂಚಿನ ಉದ್ದ 23.5 ಸೆಂ.ಮೀ. ಒಳಗೆ ಅಂಟುವ ಅಂಚಿಗೆ ತ್ರಿಜ್ಯ 8, ಉದ್ದ 12.5 ಮಾತ್ರ. ಉಳಿದ 11 ಸೆಂ.ಮೀ. ಬಟ್ಟೆ ಎಲ್ಲಿಗಾದರೂ ಹೋಗಬೇಕಲ್ಲ! ಸುಮ್ಮನೆ ಒತ್ತಿ ಅಂಟಿಸಿದರೆ ಅದು ನಿರಿಗೆಯಾಗಿ ನೆಲದವರೆಗೂ ಇಳಿಯುತ್ತದೆ, ಪ್ರತಿ ನಿರಿಗೆಯೂ ಗಾಳಿಗೆ ಒಂದು ಕೊಳವೆ. ಸರಿಯಾದ ಉಪಾಯ ಟೈಲರ್‌ಗಳಿಗೆ ಗೊತ್ತು. ಒಳ ಅಂಚಿನಿಂದ ಐದು ತ್ರಿಕೋನ ಚೂರು, ಬುಡದಲ್ಲಿ ತಲಾ 2.2 ಸೆಂ.ಮೀ. ಅಗಲ, ತುದಿ ನೆಲ ಮುಟ್ಟುವ ಗೆರೆಗಿಂತ ಸ್ವಲ್ಪ ಹಿಂದೆಯೇ ಮುಗಿಯುವಂತೆ ಕತ್ತರಿಸಿ ತೆಗೆದು ಹೊಲಿಯುವುದು. ಇನ್ನೊಂದು ವಿಷಯ ಹಲವರು ಮರೆಯುತ್ತಾರೆ. ಉಬ್ಬಿದ ಜಾಗದಲ್ಲಿ ತ್ರಿಜ್ಯ 17 ಆಗುವುದರಿಂದ ಅಲ್ಲಿಗೆ ಸುಮಾರು 26.5 ಸೆಂ.ಮೀ. ಬಟ್ಟೆ ಬೇಕು. ಹಾಗಾಗಿ ಮೂಲೆಗೆ 3 ಸೆಂ.ಮೀ. ಹೆಚ್ಚು ಬಿಟ್ಟು, ಹೊರ ಅಂಚಿನಲ್ಲಿ ಅದನ್ನು ಸಣ್ಣ ಸಣ್ಣ ನಿರಿಗೆ ಹಿಡಿದು ಅಂಟಿಸಬೇಕು; ಆಗ ಒಳ ಅಂಚಿನ ತ್ರಿಕೋನಗಳನ್ನೂ ತಲಾ 2.8 ಸೆಂ.ಮೀ.ಗೆ ಹಿಗ್ಗಿಸಬೇಕು. ಬಿಡದಿದ್ದರೆ ಮೂಲೆ ಬಿಗಿದುಕೊಂಡು ನೆಲದಿಂದ ಮೇಲೆ ನಿಲ್ಲುತ್ತದೆ. ಹೊಲಿಗೆಯ ಸೂಜಿತೂತುಗಳ ಮೇಲೆ ಒಳಗಿನಿಂದ ತೆಳು ಟೇಪು ಹಾಕಿದರೆ ಆಯಿತು.

ಉಬ್ಬಿದ ಸ್ಕರ್ಟಿನಿಂದ ಗಾಳಿ ನಡುವಿನ ಮೆತ್ತೆಗೆ, ಅಂದರೆ ಗಾಡಿಯ ಅಡಿಯಲ್ಲಿ ಭಾರ ಹೊರುವ ಗಾಳಿಯ ಜಾಗಕ್ಕೆ, ಹೋಗಲು ಅದರ ಒಳಗೋಡೆಯಲ್ಲಿ ತೂತುಗಳು ಬೇಕು. 2.5 ಸೆಂ.ಮೀ. ವ್ಯಾಸದ 16 ತೂತು, ಒಟ್ಟು ಸುಮಾರು 78 ಚದರ ಸೆಂ.ಮೀ., ಈ ಗಾಡಿಗೆ ಹೊಂದುತ್ತದೆ. ಆದರೆ ಮೊದಲೇ ಹದಿನಾರನ್ನೂ ಕತ್ತರಿಸಬೇಡಿ. ಹತ್ತರಿಂದ ಶುರು ಮಾಡಿ ಓಡಿಸಿ ನೋಡಿ. ತೂತು ಕಡಿಮೆಯಾದರೆ ಸ್ಕರ್ಟು ಫುಟ್ಬಾಲಿನ ಹಾಗೆ ಬಿಗಿದು, ಗಾಡಿ ಏಳದೆ ನಿಂತಲ್ಲೇ ಟಪಟಪ ಕುಣಿಯುತ್ತದೆ. ಹೆಚ್ಚಾದರೆ ಸ್ಕರ್ಟು ಸೊರಗಿ ಬದಿಗೆ ಮಡಚಿ ಬೀಳುತ್ತದೆ. ಸ್ಕರ್ಟಿನೊಳಗಿನ ಒತ್ತಡ ಮೆತ್ತೆಯ ಒತ್ತಡಕ್ಕಿಂತ ಕಾಲುಭಾಗ ಹೆಚ್ಚಿದ್ದರೆ ಹದ. ತೂತುಗಳು ನೆಲಕ್ಕೆ ಉಜ್ಜದಷ್ಟು ಮೇಲಿರಬೇಕು, ಅಂಚಿಗೆ ಟೇಪಿನ ಬಳೆ ಬೇಕು.

ಇಷ್ಟು ಸಣ್ಣ ಒತ್ತಡವನ್ನು ಅಳೆಯುವುದು ಹೇಗೆ ಎಂದು ಮಕ್ಕಳು ಕೇಳುತ್ತಾರೆ. ಮೇಸ್ತ್ರಿಗಳು ಮಟ್ಟ ನೋಡುವ ಪಾರದರ್ಶಕ ಪೈಪೇ ಸಾಕು. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಬದಿಯಲ್ಲಿ, ತಳದಿಂದ ಸ್ವಲ್ಪ ಮೇಲೆ ತೂತು ಮಾಡಿ ಸಪೂರ ಪೈಪು ಅಂಟಿಸಿ. ಆ ಪೈಪನ್ನು 50 ಸೆಂ.ಮೀ. ಉದ್ದದ ಹಲಗೆಯ ಮೇಲೆ, ದೂರದ ತುದಿ 5 ಸೆಂ.ಮೀ. ಎತ್ತರ ಇರುವಂತೆ ಓರೆಯಾಗಿ ಮಲಗಿಸಿ. ಬಾಟಲಿಗೆ ಶಾಯಿ ಹಾಕಿದ ನೀರು, ಜೊತೆಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪಿನ ದ್ರವ. ಸೋಪು ಇಲ್ಲದಿದ್ದರೆ ನೀರು ಪೈಪಿಗೆ ಅಂಟಿಕೊಂಡು ನಿಂತು ಸುಳ್ಳು ಹೇಳುತ್ತದೆ. ಬಾಟಲಿಯ ಮುಚ್ಚಳದಲ್ಲಿ ಇನ್ನೊಂದು ಪೈಪು ಕೂರಿಸಿ, ಗಾಳಿ ಸೋರದಂತೆ ಅಂಟು ಹಾಕಿ, ಅದರ ತುದಿಯನ್ನು ಗಾಡಿಯ ಹಲಗೆಗಳ ಮೂಲಕ ಕೆಳಗಿನ ಮೆತ್ತೆಗೆ ಇಳಿಸಿ. ಓರೆ ಹತ್ತಕ್ಕೆ ಒಂದು ಇರುವುದರಿಂದ 5 ಮಿ.ಮೀ. ಒತ್ತಡ ಹಲಗೆಯ ಮೇಲೆ 5 ಸೆಂ.ಮೀ. ಆಗಿ ಕಾಣುತ್ತದೆ. ಗಾಡಿ ನಿಜವಾಗಿ ತೇಲಿದ ಮೇಲೆ ಲಿಫ್ಟ್ (ಗಾಡಿಯನ್ನು ಎತ್ತುವ ಫ್ಯಾನಿನ ವೇಗ) ಎಷ್ಟು ಏರಿಸಿದರೂ ಈ ನೀರು 5 ಸೆಂ.ಮೀ. ದಾಟುವುದಿಲ್ಲ, ಏರುವುದು ಕೆಳಗಿನ ಸಂದು ಮಾತ್ರ. ಪೂರ್ತಿ ಲಿಫ್ಟ್ ಕೊಟ್ಟಾಗಲೂ ನೀರು 3 ಸೆಂ.ಮೀ.ನಲ್ಲೇ ನಿಂತರೆ ಉಳಿದ ಭಾರ ನೆಲದ ಮೇಲೆಯೇ ಇದೆ ಎಂದರ್ಥ. ಆಗ ಅಗರಬತ್ತಿ ಹೊತ್ತಿಸಿ ಸ್ಕರ್ಟಿನ ಸುತ್ತ ಒಂದು ಗೇಣು ದೂರದಲ್ಲಿ ಹಿಡಿದರೆ ಹೊಗೆ ಎಲ್ಲಿ ಚದರುತ್ತದೋ ಅಲ್ಲಿ ಸೋರಿಕೆ. ಬ್ಯಾಟರಿಯಿಂದಲೂ ಬಟ್ಟೆಯಿಂದಲೂ ಕಿಡಿ ದೂರವಿರಲಿ. ಬಹಳ ಕಡಿಮೆ ಖರ್ಚಿನ ಈ ಉಪಕರಣ ಮಾಡಿಕೊಂಡ ತಂಡ ಹೊಸ ಮೋಟರು ತರಿಸುವ ಮಾತೇ ಆಡುವುದಿಲ್ಲ.

ಮೋಟರಿನ ಬಗ್ಗೆ ಹೇಳುವುದು ಕಡಿಮೆ. ಲಿಫ್ಟಿಗೆ ಎ2212 ಮಾದರಿಯ 2200 ಕೆವಿ ಮೋಟರು, 6 ಇಂಚಿನ ಪ್ರೊಪೆಲ್ಲರ್. ತಳ್ಳುವುದಕ್ಕೆ ಅದೇ ಮಾದರಿಯ 1000 ಕೆವಿ, 8 ಇಂಚಿನದು. ಎರಡಕ್ಕೂ, ಮೋಟರಿನ ವೇಗ ಹಿಡಿತದಲ್ಲಿಡುವ, 30 ಆಂಪಿಯರ್ ಇಎಸ್‌ಸಿ. ಕೆವಿ ಎಂದರೆ ಒಂದು ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು. ಕೆವಿ ಹೆಚ್ಚಿದ್ದಷ್ಟೂ ಪ್ರೊಪೆಲ್ಲರ್ ಚಿಕ್ಕದಿರಬೇಕು. 2200 ಕೆವಿಗೆ 10 ಇಂಚಿನದು ಹಾಕಿದರೆ ಮೋಟರು, ಇಎಸ್‌ಸಿ ಎರಡೂ ಸುಡುತ್ತವೆ. ಲಿಫ್ಟ್ ಪ್ರೊಪೆಲ್ಲರಿನ ತುದಿಗೂ ಸುತ್ತಲಿನ ಬಳೆಗೂ 2–3 ಮಿ.ಮೀ. ಮಾತ್ರ ಅಂತರವಿರಲಿ. ಬಳೆ ಇಲ್ಲದಿದ್ದರೆ ಒಳಗೆ ತಳ್ಳಿದ ಗಾಳಿ ತುದಿಯ ಸುತ್ತ ವಾಪಸು ಬರುತ್ತದೆ. ಅಕ್ಷರ, ಅಂಕಿ ಇರುವ ಮುಖ ಗಾಳಿ ಎಳೆದುಕೊಳ್ಳುವ ಬದಿಗೆ ಇರಬೇಕು. ಮೋಟರು ಉಲ್ಟಾ ತಿರುಗಿದರೆ ಮೂರು ವಯರಿನಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಆಯಿತು. ಎರಡು ಇಎಸ್‌ಸಿಗಳನ್ನೂ ರಿಮೋಟಿನ ಸಂಕೇತ ಹಿಡಿಯುವ ಒಂದೇ ರಿಸೀವರಿಗೆ ಹಾಕುವಾಗ, ಒಂದರಿಂದ ರಿಸೀವರಿಗೆ ಹೋಗುವ ಸಪೂರ ಕೆಂಪು ವಯರನ್ನು ಪಿನ್ನಿನಿಂದ ಹೊರಗೆಳೆದು ಟೇಪು ಸುತ್ತಬೇಕು. ಇಲ್ಲದಿದ್ದರೆ ಎರಡರ 5 ವೋಲ್ಟ್ ಸಪ್ಲೈ ಒಂದಕ್ಕೊಂದು ಜಗ್ಗಾಡಿ ಬಿಸಿಯಾಗುತ್ತವೆ. ಲಿಫ್ಟನ್ನು ರಿಮೋಟಿನ ತಿರುಗುವ ಗುಬ್ಬಿಗೆ, ತಳ್ಳುವ ಮೋಟರನ್ನು ಎಡಗೈ ಸ್ಟಿಕ್ಕಿಗೆ ಕೊಟ್ಟರೆ ಓಡಿಸುವವರಿಗೆ ಸಲೀಸು. ಈ ಎಲ್ಲಾ ಹೊಂದಾಣಿಕೆಯನ್ನು ಪ್ರೊಪೆಲ್ಲರ್ ಬಿಚ್ಚಿಟ್ಟೇ ಮಾಡಬೇಕು. ಬೆರಳಿಗೆ ಬಿದ್ದ ಏಟಿಗೆ ಹೊಲಿಗೆ ಹಾಕಿಸಿಕೊಳ್ಳುವುದು ಈ ಹಂತದಲ್ಲೇ.

ಗಾಡಿ ಎದ್ದಿತು, ಆದರೆ ನೇರ ಹೋಗುವುದಿಲ್ಲ ಎಂಬ ದೂರಿಗೆ ಕಾರಣ ಎರಡು. ಲಿಫ್ಟ್ ಫ್ಯಾನು ಒಂದು ಕಡೆಗೆ ತಿರುಗಿದರೆ ಗಾಡಿಯ ಮೈ ಅದರ ವಿರುದ್ಧ ದಿಕ್ಕಿಗೆ ತಿರುಗಲು ನೋಡುತ್ತದೆ. ರಿಮೋಟಿನ ಟ್ರಿಮ್ಮಿನಲ್ಲಿ (ನಡುಬಿಂದು ಸರಿಸುವ ಗುಂಡಿಯಲ್ಲಿ) ಸರಿಪಡಿಸಬಹುದು, ಆದರೆ ಆಗ ಒಂದು ಬದಿಗೆ ರಡ್ಡರ್ (ಗಾಡಿಯ ದಿಕ್ಕು ತಿರುಗಿಸುವ ಹಿಂದಿನ ರೆಕ್ಕೆ) ತಿರುಗುವ ಅಳತೆ ಕಡಿಮೆಯಾಗುತ್ತದೆ. ಫ್ಯಾನಿನ ಕೆಳಗೆ ಬಳೆಯೊಳಗೆ ನಾಲ್ಕು ಸ್ಥಿರ ರೆಕ್ಕೆ, ಸ್ವಲ್ಪ ಓರೆಯಾಗಿ, ಕೂರಿಸುವುದು ಮೇಲು. ಎರಡನೆಯದು ಭಾರದ ಸಮತೋಲ. ತಳ್ಳುವ ಪ್ರೊಪೆಲ್ಲರ್ ನೆಲದಿಂದ ಎತ್ತರದಲ್ಲಿದೆ; 300 ಗ್ರಾಂ ಬಲ 15 ಸೆಂ.ಮೀ. ಮೇಲಿನಿಂದ ತಳ್ಳಿದರೆ, ಒಂದು ಕಿಲೋ ಗಾಡಿಯ ಭಾರ 4.5 ಸೆಂ.ಮೀ. ಮುಂದಕ್ಕೆ ಸರಿದಂತೆ. ಮೂತಿ ತಗ್ಗಿ, ಮುಂದಿನ ಸ್ಕರ್ಟು ಒಳಕ್ಕೆ ಮಡಚಿ, ಗಾಡಿ ಮುಗ್ಗರಿಸುತ್ತದೆ. ಆದ್ದರಿಂದ ಬ್ಯಾಟರಿಯನ್ನು ಹಿಂದೆ ಮುಂದೆ ಸರಿಸಲು ಬರುವಂತೆ ವೆಲ್ಕ್ರೊ ಹಾಕಿ, ಭಾರದ ಕೇಂದ್ರ ನಡುವಿನಿಂದ 2–3 ಸೆಂ.ಮೀ. ಹಿಂದೆ ಇಡಬೇಕು. ರಡ್ಡರ್ ಪ್ರೊಪೆಲ್ಲರಿನ ಗಾಳಿಯಲ್ಲೇ ನಿಲ್ಲಬೇಕು, ಅದರಷ್ಟೇ ಎತ್ತರದ್ದು ಎರಡು, 30 ಡಿಗ್ರಿಗಿಂತ ಹೆಚ್ಚು ತಿರುಗಿಸಿ ಪ್ರಯೋಜನವಿಲ್ಲ. ತಳ್ಳುವ ಮೋಟರಿನ ಸ್ಟಿಕ್ಕು ಇಳಿಸಿದರೆ ರಡ್ಡರಿಗೆ ಗಾಳಿಯೇ ಇಲ್ಲ, ತಿರುವೂ ಇಲ್ಲ. ತಿರುವಿಗೆ ಮುಂಚೆ ಮೂತಿ ತಿರುಗಿಸಿ, ಜಾರುತ್ತಿರುವಾಗಲೇ ತಳ್ಳಿ ಹಿಡಿಯಬೇಕು. ಇದು ಕೈಗೆ ಬರಲು ಅಭ್ಯಾಸವೇ ಬೇಕು. ಪೆರ್ಲ, ಮುಳ್ಳೇರಿಯ, ಬದಿಯಡ್ಕ ಕಡೆಯ ಸಿಮೆಂಟು ಹಾಕಿದ ಅಡಿಕೆ ಅಂಗಳಗಳು ಮಳೆಗಾಲದಲ್ಲಿ ಖಾಲಿ ಇರುತ್ತವೆ. ಮಳೆ ಬಿಟ್ಟ ಹೊತ್ತಿನಲ್ಲಿ ಗುಡಿಸಿ ಒರೆಸಿಕೊಂಡರೆ ಅದಕ್ಕಿಂತ ಒಳ್ಳೆಯ ಮೈದಾನ ಬೇರೆ ಬೇಡ. ಮುರಕಲ್ಲಿನ ಹರಳು ಒಂದಿದ್ದರೂ ಬಟ್ಟೆ ಸೀಳುತ್ತದೆ.

ಬ್ಯಾಟರಿಯ ವಿಷಯದಲ್ಲಿ ಸದರ ಬೇಡ. ಮೂರು ಸೆಲ್ಲಿನ 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ ಪೂರ್ತಿ ತುಂಬಿದಾಗ 12.6 ವೋಲ್ಟ್. 10.5ಕ್ಕೆ ಇಳಿದರೆ ನಿಲ್ಲಿಸಬೇಕು, ವಾರಗಟ್ಟಲೆ ಇಡುವುದಾದರೆ 11.4ರಲ್ಲಿ ಇಡಬೇಕು. ಎರಡೂ ಮೋಟರು ಸೇರಿ ಸರಾಸರಿ 12 ಆಂಪಿಯರ್ ಎಳೆದರೆ ಸುರಕ್ಷಿತವಾಗಿ ಸಿಗುವುದು ಎಂಟೊಂಬತ್ತು ನಿಮಿಷ. ಚಾರ್ಜು 2.2 ಆಂಪಿಯರ್ ಮೀರದೆ, ಎಲ್ಲಾ ಸೆಲ್ಲನ್ನೂ ಸಮವಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರಿನಲ್ಲೇ, ಟೈಲ್ಸ್ ಅಥವಾ ಸಿಮೆಂಟು ನೆಲದ ಮೇಲೆ, ಪಕ್ಕದಲ್ಲಿ ಒಂದು ಬಕೆಟ್ ಮರಳು, ಎದುರಿಗೆ ಒಬ್ಬರು. ಹಾಸ್ಟೆಲಿನ ಮಂಚದ ಮೇಲೆ ಚಾರ್ಜಿಗೆ ಹಾಕಿ ಊಟಕ್ಕೆ ಹೋಗುವುದು ಅಪಾಯವನ್ನು ಕರೆದಂತೆ. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು. ಬ್ಯಾಟರಿಯ ಕೆಂಪು ವಯರಿನಲ್ಲಿ ಕಾರಿಗೆ ಹಾಕುವ 30 ಆಂಪಿಯರ್ ಫ್ಯೂಸ್ ಒಂದಿರಲಿ. ಯಾವ ಆಟೋ ಇಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ.

ಸ್ಪರ್ಧೆ ನಡೆಸುವ ಕಾಲೇಜುಗಳಲ್ಲಿ ನಮ್ಮ ಕೋರಿಕೆ ಕೆಲವಿದೆ. ಓಡಿಸುವ ನೆಲ ಯಾವುದೆಂದು ಒಂದು ತಿಂಗಳ ಮುಂಚೆ ತಿಳಿಸಿ: ಟೈಲ್ಸೋ, ಸಿಮೆಂಟೋ, ಇಂಟರ್‌ಲಾಕೋ, ಸಂದು ಎಷ್ಟು ಆಳವೋ. ಇಂಟರ್‌ಲಾಕಿನ 5 ಮಿ.ಮೀ. ಆಳದ ಸಂದು ಟೈಲ್ಸಿಗೆಂದು ಮಾಡಿದ ಸ್ಕರ್ಟಿನ ಗಾಳಿಯನ್ನೆಲ್ಲಾ ನುಂಗುತ್ತದೆ. ಎರಡೂ ಪ್ರೊಪೆಲ್ಲರಿಗೆ ಬೆರಳು ತೂರದ ಬಲೆ ಕಡ್ಡಾಯ ಮಾಡಿ. ಕಣಕ್ಕೆ ಬಿಡುವ ಮುಂಚೆ ರಿಮೋಟ್ ಆಫ್ ಮಾಡಿಸಿ ನೋಡಿ; ಎರಡು ಸೆಕೆಂಡಿನೊಳಗೆ ಎರಡೂ ಮೋಟರು ನಿಲ್ಲದಿದ್ದರೆ ವಾಪಸು ಕಳಿಸಿ. ಸಂಕೇತ ತಪ್ಪಿದಾಗ ಮೋಟರು ನಿಲ್ಲಿಸುವ, ರಿಸೀವರಿನ ಫೇಲ್‌ಸೇಫನ್ನು ಮೆನುವಿನಲ್ಲಿ ಹೊಂದಿಸದೆ ಬರುವ ತಂಡಗಳು ಬಹಳ, ಪ್ರೇಕ್ಷಕರ ಕಾಲಿಗೆ ನುಗ್ಗುವುದು ಅಂಥ ಗಾಡಿಗಳೇ. ಅಂಕ ವೇಗಕ್ಕೆ ಮಾತ್ರ ಕೊಡದೆ, ಗೆರೆ ಎಳೆದ ಚೌಕದೊಳಗೆ ನಿಲ್ಲಿಸುವುದಕ್ಕೆ, 200 ಗ್ರಾಂ ಹೆಚ್ಚು ಭಾರ ಹೊತ್ತು ಅರ್ಧ ನಿಮಿಷ ತೇಲುವುದಕ್ಕೆ ಕೊಡಿ.

ಸಿದ್ಧ ಗಾಡಿಯನ್ನೇ ದುಡ್ಡು ಕೊಟ್ಟು ತಂದು ಸ್ಪರ್ಧೆಗೆ ಇಳಿಸುವ ಚಾಳಿಯೂ ಹಬ್ಬುತ್ತಿದೆ. ರಾತ್ರಿಯೆಲ್ಲ ಕೂತು ಮೂಲೆ ಹೊಲಿದ ಮಕ್ಕಳಿಗೆ ಇದು ಮಾಡುವ ಅನ್ಯಾಯ ಸಣ್ಣದಲ್ಲ, ನಮಗೆ ನಿಜವಾಗಿ ನೋವಾಗುವುದು ಇಲ್ಲೇ. ತಡೆಯಲು ದಾರಿ ಇದೆ. ಸ್ಪರ್ಧೆಯ ಬೆಳಗ್ಗೆ ಪ್ರತಿ ತಂಡಕ್ಕೂ ಒಂದು ತುಂಡು ಕೊಡೆ ಬಟ್ಟೆ, ಕತ್ತರಿ, ಸೂಜಿ ನೂಲು, ಟೇಪು, ಒಂದು ಗಂಟೆ ಸಮಯ ಕೊಡಿ. ತಮ್ಮ ಸ್ಕರ್ಟಿನ ಒಂದು ಮೂಲೆಯನ್ನು ಬಿಚ್ಚಿ, ಹೊಸದಾಗಿ ಕತ್ತರಿಸಿ ಕೂರಿಸಲಿ; ಆಮೇಲೆ ಗಾಡಿ ಎದ್ದರೆ ಮಾತ್ರ ಕಣಕ್ಕೆ. ಈ ನಿಯಮವೂ ಉಳಿದ ನಿಯಮಗಳೂ ಇಂಗ್ಲಿಷಿನ ಜೊತೆಗೆ ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಅಚ್ಚಾಗಿ, ಮುಂದಿನ ಫೆಸ್ಟಿನ ನೋಂದಣಿ ಶುರುವಾಗುವ ಮುಂಚೆಯೇ ತಂಡಗಳ ಕೈ ಸೇರಲಿ.

– ವಿದ್ಯಾರ್ಥಿ ತಂಡಗಳಿಗೆ ಮಾರ್ಗದರ್ಶನ ಮಾಡುವ ಇಬ್ಬರು ಅಧ್ಯಾಪಕರು, ಬದಿಯಡ್ಕ, ಕಾಸರಗೋಡು ಜಿಲ್ಲೆ